ಎರಡನೇ ಬಾಗಿಲಿನ ಚೀಲ ಒಂದನೇ ಬಾಗಿಲಲ್ಲಿ ಏಕೆ ಕಾಣುತ್ತದೆ?

ಓದುಗರ ಪ್ರಶ್ನೆ: ಸರ್, ಬ್ಯಾಡಗಿ ಹತ್ತಿರ ನಮ್ಮದೊಂದು ಕೋಲ್ಡ್ ಸ್ಟೋರೇಜ್ ಇದೆ. ಇಡುವುದು ಹೆಚ್ಚಾಗಿ ಒಣಮೆಣಸಿನಕಾಯಿ. ಹೋದ ವರ್ಷ ಪ್ರತಿ ಚೀಲಕ್ಕೂ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೊ ಅಲೆಯಿಂದ ಓದಿಸುವ ಗುರುತಿನ ಚೀಟಿ, ಹಾಕಿಸಿದೆವು. ಅಕ್ಕಪಕ್ಕ ಎರಡು ಬಾಗಿಲು, ನಡುವೆ 12 ಅಡಿ. ಒಂದೊಂದು ಬಾಗಿಲಿಗೂ ಒಂದು ರೀಡರ್, ನಾಲ್ಕು ಆಂಟೆನಾ. ಒಂದು ಟ್ರಾಲಿಯಲ್ಲಿ 20 ಚೀಲ ಹೋಗುತ್ತವೆ. ಅದರಲ್ಲಿ ಮೂರು ನಾಲ್ಕು ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು ಕಡೆ, ಎರಡನೇ ಬಾಗಿಲಲ್ಲಿ ಹೋದ ಚೀಲವನ್ನು ಕಂಪ್ಯೂಟರ್ ಒಂದನೇ ಬಾಗಿಲಿನ ಲೆಕ್ಕಕ್ಕೆ ಹಾಕುತ್ತದೆ. ಲಾರಿ ಸಾಲು ನಿಂತಾಗ ಇನ್ನೂ ಜಾಸ್ತಿ. ನಮ್ಮ ಹಮಾಲರು, ‘ಲಾರಿ ಬಂದ್ರ ಮಷೀನಿಗೆ ತಲಿ ತಿರಗತೈತ್ರಿ’ ಅನ್ನುತ್ತಾರೆ. ಮಷೀನು ಹಾಕಿಕೊಟ್ಟವರು ಬಂದು ಪವರ್ ಪೂರ್ತಿ ಏರಿಸಿ ಹೋದರು. ಆಮೇಲೆ ಇನ್ನೂ ಹದಗೆಟ್ಟಿತು. ಹಿಂದೆಯೇ ಮೊಬೈಲ್ ಟವರ್ ಇದೆ, ಅದರಿಂದಲೇ ಹೀಗೆ ಅಂತ ಕೆಲವರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಮೊದಲು ಪವರ್ ಇಳಿಸಿ. ಉಳಿದದ್ದನ್ನು ಓದುವ ಮುಂಚೆಯೇ ಇಷ್ಟು ಮಾಡಿ. ಈಗ ಪೂರ್ತಿ ಅಂದರೆ 30 ಡಿಬಿಎಂ ಇರಬೇಕು (ಡಿಬಿಎಂ ಅಂದರೆ ರೇಡಿಯೊ ಪವರ್ ಅಳೆಯುವ ಮಾನ). ಎರಡೂ ರೀಡರ್‌ಗಳನ್ನು 24ಕ್ಕೆ ತನ್ನಿ. ಒಂದು ದಿನ ಹಾಗೆಯೇ ಬಿಡಿ. ತಪ್ಪು ಬಾಗಿಲಲ್ಲಿ ಕಾಣುವ ಚೀಲಗಳು ಕಡಿಮೆ ಆಗುವುದನ್ನು ನೀವೇ ನೋಡುತ್ತೀರಿ. ಕಾಣದೆ ಹೋಗುವ ಚೀಲಗಳೂ ಎಷ್ಟೋ ಸಲ ಇದರಿಂದಲೇ ಕಡಿಮೆ ಆಗುತ್ತವೆ. ಓದಲು ಆಗುತ್ತಿಲ್ಲ ಎಂದಾಗ ದನಿ ಏರಿಸಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ನಿಮ್ಮಲ್ಲಿ ತೊಂದರೆ ಇರುವುದು ದನಿ ಸಾಲದೆ ಅಲ್ಲ, ಗದ್ದಲ ಹೆಚ್ಚಾಗಿ. ಆ ಗದ್ದಲದ ಹೆಚ್ಚಿನ ಪಾಲು ನಿಮ್ಮ ರೀಡರ್‌ಗಳದ್ದೇ.

ಏಕೆ ಅಂತ ಹೇಳುತ್ತೇನೆ. ಇದು ಗೊತ್ತಾದರೆ ನಾಳೆ ಇನ್ನೊಂದು ತೊಂದರೆ ಬಂದಾಗ ನೀವೇ ಹುಡುಕಬಹುದು.

ಚೀಲದ ಮೇಲಿನ ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ರೀಡರ್ ಬಿಡುವ ಅಲೆಯಿಂದಲೇ ಅದು ಜೀವ ತುಂಬಿಕೊಳ್ಳುತ್ತದೆ. ಉತ್ತರ ಕೊಡುವಾಗಲೂ ಸ್ವಂತ ದನಿ ಇಲ್ಲ. ಹುಡುಗರು ಕನ್ನಡಿ ತುಂಡಿನಿಂದ ಬಿಸಿಲನ್ನು ಗೋಡೆಗೆ ಬೀಳಿಸಿ ಆಡಿಸುತ್ತಾರೆ, ಅಲ್ವಾ? ಟ್ಯಾಗ್ ಮಾಡುವುದೂ ಅದನ್ನೇ. ತನ್ನ ಮೇಲೆ ಬಿದ್ದ ಅಲೆಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತಿರುಗಿಸಿ ತನ್ನ ನಂಬರ್ ಹೇಳುತ್ತದೆ. ರೀಡರ್ ಬಿಡುವುದು 1 ವ್ಯಾಟ್. ಟ್ಯಾಗ್‌ನಿಂದ ವಾಪಸ್ ಬಂದು ಮುಟ್ಟುವುದು ಎಷ್ಟೋ ಸಲ ಅದರ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಅಷ್ಟು ಸಣ್ಣ ಪಿಸುಮಾತನ್ನು ಕೇಳಲು ಕಿವಿಗೊಟ್ಟ ರೀಡರ್‌ಗೆ, 12 ಅಡಿ ಆಚೆ ಇನ್ನೊಂದು ರೀಡರ್ 1 ವ್ಯಾಟ್‌ನಲ್ಲಿ ಕೂಗುತ್ತಿದ್ದರೆ ಏನು ಕೇಳಿಸೀತು? ಜಾತ್ರೆಯಲ್ಲಿ ಎರಡು ಪೆಂಡಾಲಿನ ಮೈಕುಗಳನ್ನು ಎದುರುಬದುರು ಕಟ್ಟಿದ ಹಾಗೆ. ಆಗ ಒಂದು ಪೆಂಡಾಲಿನವರು ವಾಲ್ಯೂಮ್ ಏರಿಸಿದರೆ ಇನ್ನೊಂದು ಪೆಂಡಾಲಿನವರೂ ಏರಿಸುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೀಡರ್‌ಗಳಿಗೆ ಬೇರೆ ಬೇರೆ ಚಾನೆಲ್ ಕೊಟ್ಟರೆ ಸಾಕು ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ನಿಜ. ರೀಡರ್‌ಗೆ ಚಾನೆಲ್ ಆರಿಸಿ ಕೇಳುವ ಶಕ್ತಿ ಇದೆ. ಒಂದು 865.7 ಮೆಗಾಹರ್ಟ್ಸ್‌ನಲ್ಲಿ, ಇನ್ನೊಂದು 866.9ರಲ್ಲಿ ಇದ್ದರೆ ಒಂದಕ್ಕೊಂದು ತೊಡಕು ಕಡಿಮೆ ಆಗುತ್ತದೆ. ಟ್ಯಾಗ್‌ಗೆ ಆ ಶಕ್ತಿ ಇಲ್ಲ. ಅದಕ್ಕೆ ಎಲ್ಲ ಚಾನೆಲ್ಲೂ ಒಂದೇ. ಎರಡು ರೀಡರ್‌ಗಳ ಮಾತು ಒಟ್ಟಿಗೆ ಬಿದ್ದರೆ ಅದಕ್ಕೆ ಯಾವ ಆಜ್ಞೆಯೂ ಅರ್ಥವಾಗುವುದಿಲ್ಲ. ಸುಮ್ನೆ ಇದ್ದುಬಿಡುತ್ತದೆ. ನಿಮ್ಮ 20ರಲ್ಲಿ ಸಿಗದೆ ಹೋಗುವ ಮೂರು ನಾಲ್ಕು ಚೀಲಗಳಲ್ಲಿ ಕೆಲವು ಹೀಗೆಯೇ ಸುಮ್ಮನಾದವು. ಇದಕ್ಕೆ ಮದ್ದು ಚಾನೆಲ್ ಅಲ್ಲ. ಒಂದೋ ದನಿ ಇಳಿಸಬೇಕು, ಇಲ್ಲವೇ ಸರದಿಯ ಮೇಲೆ ಮಾತಾಡಿಸಬೇಕು.

ಸರದಿ ಸುಲಭ. ಟ್ರಾಲಿ ಬಂದಾಗ ಮಾತ್ರ ರೀಡರ್ ಏಳಲಿ. ಬಾಗಿಲ ಚೌಕಟ್ಟಿಗೆ ಒಂದು ಫೋಟೋ ಸೆನ್ಸರ್ ಹಾಕಿ, ಅದರ ತಂತಿಯನ್ನು ರೀಡರ್‌ನ ಇನ್‌ಪುಟ್‌ಗೆ ಕೊಡಿ. ನಿಮ್ಮ ದರ್ಜೆಯ ರೀಡರ್‌ಗಳಲ್ಲಿ ಸಾಮಾನ್ಯವಾಗಿ ಈ ಇನ್‌ಪುಟ್ ಇರುತ್ತದೆ. ಬಳಸುವವರು ಕಡಿಮೆ. ಟ್ರಾಲಿ ದಾಟಿ ಮೂರು ನಾಲ್ಕು ಸೆಕೆಂಡಿಗೆ ರೀಡರ್ ಮಲಗಲಿ. ಈಗ ನಿಮ್ಮ ಎರಡೂ ರೀಡರ್‌ಗಳು ಬೆಳಗಿನಿಂದ ಸಂಜೆವರೆಗೆ ಬಿಡುವಿಲ್ಲದೆ ಕೂಗುತ್ತಿವೆ ಅಂತ ನನ್ನ ಊಹೆ. ಹಾಗಿದ್ದರೆ ಈ ಒಂದು ಸೆನ್ಸರ್ ಅರ್ಧ ಗದ್ದಲ ನಿಲ್ಲಿಸುತ್ತದೆ. ಎರಡೂ ಬಾಗಿಲಿಗೆ ಒಟ್ಟಿಗೆ ಟ್ರಾಲಿ ಬಂದರೆ ಏನು ಮಾಡುವುದು? ಸಾಫ್ಟ್‌ವೇರ್‌ನಲ್ಲಿ ಕಾಲು ಸೆಕೆಂಡಿಗೊಮ್ಮೆ ಸರದಿ ಬದಲಿಸಿ. ಟ್ರಾಲಿ ತಳ್ಳುವ ವೇಗಕ್ಕೆ ಅಷ್ಟು ಧಾರಾಳವಾಗಿ ಸಾಕು.

ಈಗ ಪವರ್ ಲೆಕ್ಕ. 6 ಡಿಬಿ ಇಳಿಸಿದರೆ ವಿದ್ಯುತ್ ಕಾಲು ಭಾಗ ಆಗುತ್ತದೆ, ಓದುವ ದೂರ ಅರ್ಧ ಆಗುತ್ತದೆ. 30 ಅಂದರೆ 1000 ಮಿಲಿವ್ಯಾಟ್. 24 ಅಂದರೆ 250. ಪೂರ್ತಿ ಪವರ್‌ನಲ್ಲಿ ಒಳ್ಳೆಯ ಟ್ಯಾಗ್ 8 ಮೀಟರ್ ಆಚೆಯಿಂದಲೂ ಉತ್ತರ ಕೊಡುತ್ತದೆ. ನಿಮ್ಮ ಬಾಗಿಲುಗಳ ನಡುವೆ ಇರುವುದು 4 ಮೀಟರ್‌ಗಿಂತ ಕಡಿಮೆ. ಒಂದನೇ ಬಾಗಿಲಿನ ರೀಡರ್‌ಗೆ ಎರಡನೇ ಬಾಗಿಲಿನ ಚೀಲ ಕಾಣದೆ ಇರುವುದಾದರೂ ಹೇಗೆ? 24ರಲ್ಲೂ ತಪ್ಪು ಓದು ಉಳಿದರೆ 20ಕ್ಕೆ ಹೋಗಿ. ಅಲ್ಲಿಂದ ಒಂದೊಂದೇ ಡಿಬಿ ಏರಿಸುತ್ತ ಬನ್ನಿ. ಪ್ರತಿ ಹಂತದಲ್ಲೂ ಅದೇ 20 ಚೀಲದ ಟ್ರಾಲಿಯನ್ನು ಹತ್ತು ಸಲ ದಾಟಿಸಿ. 200ಕ್ಕೆ 200 ಸಿಕ್ಕ ಹಂತದ ಮೇಲೆ 2 ಡಿಬಿ ಸೇರಿಸಿ ನಿಲ್ಲಿಸಿ. ಬೇಸರದ ಕೆಲಸ, ನಿಜ. ಆದರೆ ಅರ್ಧ ದಿನದಲ್ಲಿ ಮುಗಿಯುತ್ತದೆ.

ನಿಮ್ಮ ಕೋಣೆಯ ಗೋಡೆ ಪಫ್ ಪ್ಯಾನೆಲ್‌ನದು ಅಂತ ಇಟ್ಟುಕೊಳ್ಳುತ್ತೇನೆ. ಈಗಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಹೆಚ್ಚಾಗಿ ಅದೇ. ಅದರ ನಡುವೆ ಫೋಮ್, ಎರಡೂ ಬದಿಗೆ ಉಕ್ಕಿನ ತಗಡು. ಅಂದರೆ ನೀವು ರೀಡರ್ ಇಟ್ಟಿರುವುದು ಒಂದು ದೊಡ್ಡ ಡಬರಿಯ ಬಾಯಲ್ಲಿ. ತಗಡಿಗೆ ಬಡಿದ ಅಲೆ ಒಳಗೆ ಹೋಗದೆ ತಿರುಗಿ ಬರುತ್ತದೆ. ನೇರ ಬಂದ ಅಲೆಯೂ ತಿರುಗಿ ಬಂದ ಅಲೆಯೂ ಸೇರಿದಾಗ ಕೆಲವು ಜಾಗದಲ್ಲಿ ಬಲ ಹೆಚ್ಚುತ್ತದೆ, ಕೆಲವು ಜಾಗದಲ್ಲಿ ಪೂರ್ತಿ ಸತ್ತುಹೋಗುತ್ತದೆ. 866 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್. ಹಾಗಾಗಿ ಹೆಚ್ಚುಕಡಿಮೆ ಪ್ರತಿ 17 ಸೆಂಟಿಮೀಟರಿಗೆ ಒಂದು ಸತ್ತ ಜಾಗ ಬರಬಹುದು. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅನ್ನಿ. ಟ್ಯಾಗ್ ಆ ಜಾಗದಲ್ಲೇ ನಿಂತರೆ ಎಷ್ಟು ಪವರ್ ಕೊಟ್ಟರೂ ಏಳುವುದು ಕಷ್ಟ. ಅರ್ಧ ಗೇಣು ಸರಿದರೆ ಎದ್ದುಬಿಡುತ್ತದೆ. ಅದಕ್ಕೇ ಟ್ರಾಲಿಯನ್ನು ಬಾಗಿಲಲ್ಲಿ ನಿಲ್ಲಿಸಿ ಓದಿಸುವುದಕ್ಕಿಂತ ನಿಧಾನವಾಗಿ ಸಾಗುತ್ತಿರುವಾಗ ಓದಿಸುವುದು ಒಳ್ಳೆಯದು. ಹಮಾಲರಿಗೆ ‘ನಿಲ್ಲಿಸಿ, ಓದಲಿ’ ಅಂತ ಹೇಳಿದ್ದರೆ ಅದನ್ನು ಇವತ್ತೇ ಬಿಡಿಸಿ.

ಆಂಟೆನಾ ಯಾವ ಕಡೆ ಮುಖ ಮಾಡಿದೆ ನೋಡಿ. ಚೌಕಟ್ಟಿನ ಎರಡೂ ಬದಿಗೆ ಎರಡೆರಡು, ಎದುರುಬದುರು ಇದ್ದರೆ ಒಂದನೇ ಬಾಗಿಲಿನ ಎಡಗಡೆಯ ಆಂಟೆನಾ ನೇರವಾಗಿ ಎರಡನೇ ಬಾಗಿಲಿಗೇ ಗುರಿ ಇಟ್ಟ ಹಾಗೆ. ಇಂಥ ಆಂಟೆನಾ 65-70 ಡಿಗ್ರಿ ಅಗಲಕ್ಕೆ ಬೆಳಕು ಚೆಲ್ಲುವ ಬ್ಯಾಟರಿ ದೀಪ ಇದ್ದಂತೆ. ಎರಡು ಆಂಟೆನಾಗಳನ್ನು ಮೇಲಿನ ಅಡ್ಡಪಟ್ಟಿಗೆ ಹಾಕಿ, ನೆಲಕ್ಕೆ ಮುಖ ಮಾಡಿ. ಉಳಿದ ಎರಡನ್ನು ಬದಿಯಲ್ಲೇ ಇಟ್ಟು, ಕೆಳಕ್ಕೂ ಕೋಣೆಯಿಂದ ಹೊರಕ್ಕೂ ಸ್ವಲ್ಪ ಬಾಗಿಸಿ. ಕೋಣೆಯ ಒಳಗೆ ಸಾವಿರಾರು ಚೀಲ ಅಟ್ಟಿ ಹಾಕಿರುತ್ತೀರಿ. ಆಂಟೆನಾ ಒಳಕ್ಕೆ ನೋಡುತ್ತಿದ್ದರೆ ಅವೆಲ್ಲ ಎದ್ದು ಮಾತಾಡಲು ಶುರು ಮಾಡುತ್ತವೆ. ಬಾಗಿಲಲ್ಲಿರುವ 20 ಚೀಲದ ಮಾತು ಆ ಸಂತೆಯಲ್ಲಿ ಮುಳುಗುತ್ತದೆ.

ಬಾಗಿಲುಗಳ ನಡುವೆ ಒಂದು ಜಾಲರಿ ಪರದೆ ಹಾಕಿಸಿ. ದುಬಾರಿ ಸಾಮಾನು ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅರ್ಧ ಇಂಚಿನ ತೂತಿನ ಕಬ್ಬಿಣದ ಜಾಲರಿ ಸಾಕು. ತೂತು ಅಲೆಯ ಉದ್ದದ ಹತ್ತನೇ ಒಂದು ಭಾಗಕ್ಕಿಂತ, ಅಂದರೆ ಮೂರೂವರೆ ಸೆಂಟಿಮೀಟರ್‌ಗಿಂತ, ಸಾಕಷ್ಟು ಚಿಕ್ಕದಿದ್ದರೆ ಅಲೆಗೆ ಅದು ಗೋಡೆ. ನೆಲದಿಂದ ಆಂಟೆನಾಗಿಂತ ಎರಡು ಅಡಿ ಮೇಲಿನವರೆಗೆ ಇರಲಿ. ಹೊರಗಡೆಗೆ ಟ್ರಾಲಿ ನಿಲ್ಲುವಷ್ಟು ದೂರ ಚಾಚಿರಲಿ. ಒಂದೇ ಎಚ್ಚರಿಕೆ: ಜಾಲರಿಯೂ ತಗಡಿನ ಹಾಗೆಯೇ ಅಲೆಯನ್ನು ತಿರುಗಿಸುತ್ತದೆ. ಹಾಗಾಗಿ ಜಾಲರಿ ಹಾಕಿದ ಮೇಲೆ ಪವರ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಮೊದಲಿನ ಅಂಕಿ ಇನ್ನು ಲೆಕ್ಕಕ್ಕಿಲ್ಲ.

ಈಗ ನಿಮ್ಮ ಹಮಾಲರ ಮಾತಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸಿದ್ದು ಅದೇ ಮಾತು. ಲಾರಿ ಬಂದಾಗ ಮಷೀನಿಗೆ ತಲೆ ತಿರುಗುತ್ತದೆ ಅಂದರೆ ಅವರು ಸರಿಯಾಗಿಯೇ ನೋಡಿದ್ದಾರೆ. ಪ್ರತಿ ಲಾರಿಯ ಗಾಜಿಗೂ ಫಾಸ್ಟ್ಯಾಗ್ ಅಂಟಿಸಿರುತ್ತದೆ. ಫೆಬ್ರವರಿ 2021ರಿಂದ ಹೆದ್ದಾರಿ ಟೋಲ್‌ಗಳಲ್ಲಿ ಅದು ಕಡ್ಡಾಯ. ಆ ಫಾಸ್ಟ್ಯಾಗ್ ನಿಮ್ಮ ಚೀಲದ ಟ್ಯಾಗ್‌ನ ಜಾತಿಯದ್ದೇ. ಅದೇ ಬ್ಯಾಂಡ್, ಅದೇ ಭಾಷೆ. ಟೋಲ್ ರೀಡರ್‌ಗೆ ಉತ್ತರ ಕೊಡುವ ಹಾಗೆ ನಿಮ್ಮ ರೀಡರ್‌ಗೂ ಉತ್ತರ ಕೊಡುತ್ತದೆ. ಗಾಜಿನ ಮೇಲೆ, ಎತ್ತರದಲ್ಲಿ, ಯಾವ ಅಡ್ಡಿಯೂ ಇಲ್ಲದೆ ಇರುವುದರಿಂದ ದೂರದಿಂದಲೇ ಚೆನ್ನಾಗಿ ಕಾಣುತ್ತದೆ. ಹತ್ತು ಲಾರಿ ಸಾಲು ನಿಂತರೆ ಕರೆಯದ ಹತ್ತು ಜನ ನಡುವೆ ಮಾತಾಡಿದ ಹಾಗೆ. ಅದರ ಜೊತೆ ಲಾರಿಯ ಮೈಯೇ ಒಂದು ದೊಡ್ಡ ತಗಡು. ಹಿಮ್ಮುಖವಾಗಿ ಬಂದು ಬಾಗಿಲ ಮುಂದೆ ನಿಂತ ಕೂಡಲೇ ಹೊರಗೆ ಹೋಗಿ ಚದುರಬೇಕಿದ್ದ ಅಲೆ ತಿರುಗಿ ಬಂದು ಪಕ್ಕದ ಬಾಗಿಲಿಗೆ ಬೀಳುತ್ತದೆ. ನೀವು ಖಾಲಿ ಅಂಗಳದಲ್ಲಿ ಸರಿ ಮಾಡಿದ ಲೆಕ್ಕವೆಲ್ಲ ಲಾರಿ ಬಂದ ಮೇಲೆ ಕೆಡುವುದು ಇದಕ್ಕೇ. ಪವರ್ ಪರೀಕ್ಷೆಯನ್ನು ಲಾರಿ ನಿಂತಾಗಲೇ ಮಾಡಿ.

ಫಾಸ್ಟ್ಯಾಗ್‌ಗೆ ಮದ್ದು ಸಾಫ್ಟ್‌ವೇರ್‌ನಲ್ಲಿದೆ. ಈ ಟ್ಯಾಗ್‌ಗಳೂ ರೀಡರ್‌ಗಳೂ ಮಾತಾಡುವ ಜೆನ್ 2 ಭಾಷೆಯಲ್ಲಿ ಸೆಲೆಕ್ಟ್ ಎಂಬ ಆಜ್ಞೆ ಇದೆ. ಇಂಥ ಅಂಕಿಯಿಂದ ಶುರುವಾಗುವ ಟ್ಯಾಗ್‌ಗಳು ಮಾತ್ರ ಮಾತಾಡಲಿ, ಉಳಿದವರು ಸುಮ್ಮನಿರಲಿ ಅಂತ ರೀಡರ್ ಮೊದಲೇ ಹೇಳಬಹುದು. ನಿಮ್ಮ ಚೀಲದ ಟ್ಯಾಗ್‌ಗಳಿಗೆ ನಂಬರ್ ಬರೆಸುವಾಗ ಎಲ್ಲಕ್ಕೂ ಒಂದೇ ಆರಂಭದ ಅಂಕಿಗಳನ್ನು ಕೊಟ್ಟಿದ್ದರೆ ಇದು ಹತ್ತು ನಿಮಿಷದ ಕೆಲಸ. ಕಾರ್ಖಾನೆಯಿಂದ ಬಂದ ನಂಬರನ್ನೇ ಬಿಟ್ಟಿದ್ದರೆ ಮುಂದಿನ ಹಂಗಾಮಿಗೆ ಬರೆಸಿಕೊಳ್ಳಿ. ಓದಿದ ಮೇಲೆ ಕಂಪ್ಯೂಟರ್‌ನಲ್ಲಿ ಸೋಸುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕಂಪ್ಯೂಟರ್‌ನಲ್ಲಿ ಸೋಸಿದರೆ ಪಟ್ಟಿ ಚೊಕ್ಕ ಆಗುತ್ತದೆ, ಗಾಳಿಯಲ್ಲಿನ ಗದ್ದಲ ಹಾಗೆಯೇ ಇರುತ್ತದೆ. ಇಷ್ಟು ದಿನ ನಿಮ್ಮ ಪಟ್ಟಿಗೆ ಸೇರಿದ ಬೇರೆಯವರ ಫಾಸ್ಟ್ಯಾಗ್ ನಂಬರ್‌ಗಳನ್ನು ಅಳಿಸಿಬಿಡಿ. ಅವು ನಿಮ್ಮಲ್ಲಿ ಇರಬೇಕಾದವಲ್ಲ.

ರೀಡರ್‌ನ ಒಳಗಿನ ಇನ್ನೊಂದು ಸೆಟ್ಟಿಂಗ್ ಸೆಷನ್. ಇದನ್ನು ಹಾಕಿಕೊಡುವವರು ಮುಟ್ಟುವುದೇ ಇಲ್ಲ. ನನಗೆ ಬಹಳ ಇಷ್ಟವಾದ ಏರ್ಪಾಡು ಇದು. ಒಮ್ಮೆ ಎಣಿಸಿದ ಟ್ಯಾಗ್ ಮತ್ತೆ ಮತ್ತೆ ಮಾತಾಡದ ಹಾಗೆ ತನ್ನ ಮೇಲೊಂದು ಗುರುತು ಹಾಕಿಕೊಳ್ಳುತ್ತದೆ. ಅಂಥ ಗುರುತು ಇಡಲು ನಾಲ್ಕು ಜಾಗ ಇವೆ: ಎಸ್0, ಎಸ್1, ಎಸ್2, ಎಸ್3. ಎಸ್0ದಲ್ಲಿ ಪವರ್ ಹೋದ ಕೂಡಲೇ ಗುರುತು ಅಳಿಯುತ್ತದೆ. ಎಸ್1ರಲ್ಲಿ ಅರ್ಧ ಸೆಕೆಂಡಿನಿಂದ 5 ಸೆಕೆಂಡಿನವರೆಗೆ ಉಳಿಯುತ್ತದೆ. ಎಸ್2, ಎಸ್3ರಲ್ಲಿ ಪವರ್ ಹೋದ ಮೇಲೂ ಕನಿಷ್ಠ 2 ಸೆಕೆಂಡು ಇರುತ್ತದೆ, ಸಾಮಾನ್ಯವಾಗಿ ಇನ್ನೂ ಹೆಚ್ಚು. ನಿಮ್ಮ ಎರಡೂ ರೀಡರ್‌ಗಳು ಎಸ್2ರಲ್ಲೇ ಇವೆ ಅಂದುಕೊಳ್ಳಿ. ಎರಡನೇ ಬಾಗಿಲಿಗೆ ಹೊರಟ ಚೀಲವನ್ನು ಒಂದನೇ ರೀಡರ್ ದೂರದಿಂದ ಎಣಿಸಿತು. ಚೀಲ ‘ನನ್ನದಾಯಿತು’ ಅಂತ ಗುರುತು ಹಾಕಿಕೊಂಡಿತು. ನಾಲ್ಕು ಹೆಜ್ಜೆ ಮುಂದೆ ಎರಡನೇ ರೀಡರ್ ಕೇಳಿದಾಗ ಅದು ಮಾತಾಡುವುದಿಲ್ಲ. ಒಂದೇ ಚೀಲ ಅಲ್ಲಿ ತಪ್ಪಾಗಿ ಕಂಡಿತು, ಇಲ್ಲಿ ಕಾಣೆಯಾಯಿತು. ನಿಮ್ಮ ಎರಡು ದೂರುಗಳಿಗೂ ಬೇರು ಒಂದೇ ಇರಬಹುದು ಅಂತ ನನಗೆ ಅನ್ನಿಸಿದ್ದು ಇಲ್ಲಿ. ಒಂದನೇ ರೀಡರ್‌ಗೆ ಎಸ್2, ಎರಡನೆಯದಕ್ಕೆ ಎಸ್3 ಕೊಡಿ. ಗುರುತಿನ ಜಾಗ ಬೇರೆ ಬೇರೆ ಆಗುವುದರಿಂದ ಒಬ್ಬರ ಎಣಿಕೆ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಸೆಷನ್‌ಗಳನ್ನು ಮಾಡಿಟ್ಟಿರುವುದೇ ಇಂಥದ್ದಕ್ಕೆ.

ಅದೇ ಪುಟದಲ್ಲಿ ಕ್ಯೂ ಮತ್ತು ಮಿಲ್ಲರ್ ಎಂಬ ಎರಡು ಆಯ್ಕೆ ಇರುತ್ತವೆ. 20 ಚೀಲಕ್ಕೆ ಕ್ಯೂ 5ರಿಂದ ಶುರು ಮಾಡಿ. ಅಂದರೆ 2ರ ಐದನೇ ಘಾತ, 32 ಸರದಿ. ಚೀಲಗಳು ತಮ್ಮ ಸರದಿಯನ್ನು ತಾವೇ ಆರಿಸಿಕೊಳ್ಳುತ್ತವೆ. ಸರದಿ ಕಡಿಮೆ ಇದ್ದರೆ ಇಬ್ಬರು ಒಂದೇ ಸಲ ಮಾತಾಡಿ ಇಬ್ಬರದ್ದೂ ಕೆಡುತ್ತದೆ. ಮಿಲ್ಲರ್ 4 ಇಡಿ. ಓದು ಸ್ವಲ್ಪ ನಿಧಾನ ಆಗುತ್ತದೆ, ಆದರೆ ಗದ್ದಲದಲ್ಲೂ ಮಾತು ಸ್ಪಷ್ಟ ಕೇಳಿಸುತ್ತದೆ. ಡೆನ್ಸ್ ರೀಡರ್ ಮೋಡ್ ಅಂತ ಇದ್ದರೆ ಅದನ್ನೇ ಆರಿಸಿ. ಅದರಲ್ಲಿ ಟ್ಯಾಗ್‌ಗಳ ಉತ್ತರ ರೀಡರ್‌ಗಳ ಕೂಗಿನಿಂದ ಪಕ್ಕಕ್ಕೆ ಸರಿದ ಜಾಗದಲ್ಲಿ ಬರುತ್ತದೆ.

ಮೊಬೈಲ್ ಟವರ್ ವಿಷಯ. ಪೂರ್ತಿ ತಳ್ಳಿಹಾಕುವುದಿಲ್ಲ. ನಮ್ಮಲ್ಲಿ 850ರ ಮೊಬೈಲ್ ಬ್ಯಾಂಡ್‌ನಲ್ಲಿ ಟವರ್ ಫೋನಿಗೆ ಕಳಿಸುವ ಅಲೆ 869 ಮೆಗಾಹರ್ಟ್ಸ್‌ನಿಂದ ಶುರುವಾಗುತ್ತದೆ. ನಿಮ್ಮ ರೀಡರ್‌ಗೆ ಅದು ಬೇಲಿಯ ಆಚೆಯ ಹೊಲ ಇದ್ದ ಹಾಗೆ. ಟವರ್ ಬಹಳ ಹತ್ತಿರ ಇದ್ದು, ಆಂಟೆನಾ ಅದರ ಕಡೆಗೇ ಮುಖ ಮಾಡಿದ್ದರೆ ರೀಡರ್‌ನ ಕಿವಿ ಮಂದ ಆಗಬಹುದು. ಪರೀಕ್ಷೆ ಸರಳ: ಎರಡನೇ ರೀಡರ್ ಪೂರ್ತಿ ಆಫ್ ಮಾಡಿ, ಒಂದನೆಯದನ್ನು ಮಾತ್ರ ಓಡಿಸಿ, ಹತ್ತು ಟ್ರಾಲಿ ದಾಟಿಸಿ. ಕಾಣೆಯಾಗುವ ಚೀಲ ನಿಂತುಹೋದರೆ ಟವರ್‌ಗೆ ಯಾವ ಸಂಬಂಧವೂ ಇಲ್ಲ. ನಿಲ್ಲದಿದ್ದರೆ ಆಂಟೆನಾವನ್ನು ಟವರ್‌ಗೆ ಬೆನ್ನು ಮಾಡಿ ತಿರುಗಿಸಿ ನೋಡಿ. ಆಗ ಸರಿಯಾದರೆ 865ರಿಂದ 867ಕ್ಕೆ ಮಾತ್ರ ದಾರಿ ಬಿಡುವ ಫಿಲ್ಟರ್ ಸಿಗುತ್ತದೆ, ಅದನ್ನು ಕೇಬಲ್ ನಡುವೆ ಹಾಕಿಸಿ. ನಾನು ನೋಡಿದ ಜಾಗಗಳಲ್ಲಿ ಅಷ್ಟು ದೂರ ಹೋಗಬೇಕಾಗಿದ್ದು ಬಹಳ ಕಡಿಮೆ. ಆಫೀಸಿನ ವೈಫೈ ಬಗ್ಗೆ ಚಿಂತೆಯೇ ಬೇಡ. ಅದು 2.4 ಗಿಗಾಹರ್ಟ್ಸ್‌ನಲ್ಲಿ, ಇಲ್ಲವೇ ಅದಕ್ಕೂ ಮೇಲೆ ಇರುತ್ತದೆ.

ಇದನ್ನು ಬರೆಯುವಾಗ ಒಂದು ವಿಷಯ ಖಂಡಿತ ಹೇಳಬೇಕು. ರೀಡರ್‌ನ ರೀಜನ್ ಸೆಟ್ಟಿಂಗ್ ಇವತ್ತೇ ತೆರೆದು ನೋಡಿ. ಹೊರದೇಶದಿಂದ ಬಂದ ರೀಡರ್ ಕೆಲವೊಮ್ಮೆ ಅಮೆರಿಕದ ಸೆಟ್ಟಿಂಗ್‌ನಲ್ಲೇ, 902ರಿಂದ 928 ಮೆಗಾಹರ್ಟ್ಸ್‌ನಲ್ಲಿ ಇರುತ್ತದೆ. ನಮ್ಮಲ್ಲಿ 890ರಿಂದ 915 ಫೋನ್‌ಗಳು ಟವರ್‌ಗೆ ಮಾತಾಡುವ ಜಾಗ. ಅಲ್ಲಿ ನೀವು ಕೂಗಿದರೆ ಸುತ್ತಲಿನ ಜನರ ಫೋನ್ ಕೆಡುತ್ತದೆ, ಕಾನೂನಿಗೂ ವಿರುದ್ಧ. ಭಾರತದಲ್ಲಿ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್, ಆಂಟೆನಾ ಬಲ ಸೇರಿ 4 ವ್ಯಾಟ್ ಇಆರ್‌ಪಿ ಮಿತಿ. 2021ರಲ್ಲಿ ಅದನ್ನು 868ರವರೆಗೆ ಚಾಚಿದರು. ಲೈಸೆನ್ಸ್ ಬೇಡ ಅಂದರೆ ನಿಮಗೆ ಮೀಸಲು ಜಾಗ ಅಂತಲೂ ಅಲ್ಲ. ಎಲ್ಲರೂ ಹಂಚಿಕೊಳ್ಳಬೇಕು. ರೇಡಿಯೊದಿಂದ ಮಾತಾಡುವ ಸ್ಮಾರ್ಟ್ ಮೀಟರ್‌ಗಳು, ಹೊಲದ ತೇವ ಅಳೆಯುವ ಲೋರಾ ಸೆನ್ಸರ್‌ಗಳು ಇದೇ ಜಾಗದಲ್ಲಿವೆ. ಅವುಗಳ ದನಿ ನಿಮ್ಮದಕ್ಕಿಂತ ಬಹಳ ಸಣ್ಣದು. ನೀವು ಪವರ್ ಇಳಿಸಿದರೆ ಅಕ್ಕಪಕ್ಕದವರಿಗೂ ಒಳ್ಳೆಯದು.

ಕಂಪ್ರೆಸರ್‌ನ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಪೆಟ್ಟಿಗೆ) ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಗದ್ದಲ 866 ಮೆಗಾಹರ್ಟ್ಸ್‌ವರೆಗೆ ಅಷ್ಟಾಗಿ ಏರುವುದಿಲ್ಲ. ಅದು ಕೆಡಿಸುವುದು ತಂತಿಗಳನ್ನು. ಸೆನ್ಸರ್ ತಂತಿ, ನೆಟ್‌ವರ್ಕ್ ಕೇಬಲ್ ಮೋಟರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಹೋಗುತ್ತಿದ್ದರೆ ಟ್ರಾಲಿ ಇಲ್ಲದೆಯೇ ಸೆನ್ಸರ್ ಎದ್ದುಬಿಡುತ್ತದೆ. ಒಂದು ಅಡಿ ದೂರದಲ್ಲಿ ಬೇರೆ ಪೈಪ್ ಎಳೆಸಿ, ಅರ್ಥಿಂಗ್ ಸರಿ ಇದೆಯೇ ನೋಡಿಸಿ. ಬಾಗಿಲ ಹತ್ತಿರ ಹಳೆಯ ಟ್ಯೂಬ್‌ಲೈಟ್‌ಗಳು ಎಲೆಕ್ಟ್ರಾನಿಕ್ ಚೋಕಿನಲ್ಲಿ ಉರಿಯುತ್ತಿದ್ದರೆ ತೆಗೆಸಿ. ಉರಿಯುವ ಟ್ಯೂಬ್ ಚೋಕಿನ ವೇಗದಲ್ಲಿ ಅಲೆಯನ್ನು ತಿರುಗಿಸುತ್ತದೆ. ರೀಡರ್‌ಗೆ ಅದೂ ಒಂದು ಟ್ಯಾಗ್ ಪಿಸುಗುಟ್ಟಿದ ಹಾಗೆಯೇ ಕೇಳಿಸುತ್ತದೆ. ಅಲ್ಲಿಗೆ ಎಲ್‌ಇಡಿ ಹಾಕಿಸಿ.

ರೀಡರ್‌ನಿಂದ ಆಂಟೆನಾಗೆ ಹೋಗುವ ಕೇಬಲ್ ತೆಳ್ಳಗಿದ್ದರೆ ಅದನ್ನೂ ಗಮನಿಸಿ. ಆರ್‌ಜಿ 58 ಕೇಬಲ್ ಈ ಅಲೆಗೆ ಮೀಟರಿಗೆ ಸುಮಾರು ಅರ್ಧ ಡಿಬಿ ತಿನ್ನುತ್ತದೆ. 10 ಮೀಟರ್ ಎಳೆದರೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಹೋಯಿತು. ಒಂದು ಬಾಗಿಲಿಗೆ 3 ಮೀಟರ್, ಇನ್ನೊಂದಕ್ಕೆ 10 ಮೀಟರ್ ಇದ್ದರೆ ಎರಡಕ್ಕೂ ಒಂದೇ ಅಂಕಿಯ ಪವರ್ ಕೊಟ್ಟರೂ ಒಂದೇ ಬಲ ಬರುವುದಿಲ್ಲ. ಮಳೆಗಾಲದಲ್ಲಿ ಕನೆಕ್ಟರ್‌ಗೆ ನೀರು ಇಳಿದಿದೆಯೇ ಅಂತ ಬಿಚ್ಚಿ ನೋಡಿ. ಪಚ್ಚೆ ಕಿಲುಬು ಕಂಡರೆ ಬದಲಿಸಿ.

ಮೆಣಸಿನಕಾಯಿಯ ಬಗ್ಗೆ ಎರಡು ಮಾತು. ಚೆನ್ನಾಗಿ ಒಣಗಿದ ಕಾಯಿ, ಒಳಗೆ ಗಾಳಿ ಇರುವ ಚೀಲ, ಈ ಅಲೆಗೆ ಅಷ್ಟೇನೂ ಅಡ್ಡಿ ಅಲ್ಲ. ಅಡ್ಡಿ ನೀರು. ಕಾಯಿ ಮುರಿಯದಿರಲಿ ಅಂತ ತೇವ ಮಾಡಿದ ಚೀಲ, ತಣ್ಣಗಿನ ಕೋಣೆಯಿಂದ ಹೊರಗೆ ಬಂದ ಕೂಡಲೇ ಮೈತುಂಬ ಬೆವರುವ ಚೀಲ, ಇವೆರಡೂ ಅಲೆಯನ್ನು ಕುಡಿಯುತ್ತವೆ. ತೇವ ಟ್ಯಾಗ್‌ಗೆ ಅಂಟಿಕೊಂಡರೆ ಅದರ ಶ್ರುತಿಯೇ ಕೆಡುತ್ತದೆ. ಟ್ಯಾಗನ್ನು ಚೀಲದ ಹೊಟ್ಟೆಗೆ ಅಂಟಿಸಬೇಡಿ. ಬಾಯಿ ಹೊಲಿಯುವಾಗ ಮೂಲೆಯಲ್ಲಿ ಕಿವಿ ಬಿಡುತ್ತಾರಲ್ಲ, ಅಲ್ಲಿಗೆ ಕಟ್ಟಿ, ಬಾವುಟದ ಹಾಗೆ ಹೊರಗೆ ಚಾಚಿರಲಿ. ಟ್ರಾಲಿಗೆ ಪೇರಿಸುವಾಗ ಎಲ್ಲ ಕಿವಿಗಳೂ ಹೊರಮುಖವಾಗಿರಲಿ. ನಾಲ್ಕು ಚೀಲದ ನಡುವೆ ಹುದುಗಿದ ಟ್ಯಾಗನ್ನು ಯಾವ ರೀಡರ್ ಕೂಡ ನಂಬಿಕೆಯಿಂದ ಓದಲಾರದು. ಇದನ್ನು ಹಮಾಲರಿಗೆ ಒಮ್ಮೆ ಕಂಪ್ಯೂಟರ್ ಮುಂದೆ ನಿಲ್ಲಿಸಿ ತೋರಿಸಿ. ಕಿವಿ ಒಳಗೆ ಹೋದಾಗ ಚೀಲ ಮಾಯ ಆಗುವುದನ್ನು ಕಣ್ಣಾರೆ ನೋಡಿದರೆ ಮತ್ತೆ ಹೇಳಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಅಲ್ಲೊಂದು ಇಲ್ಲೊಂದು ತಪ್ಪು ಓದು ಉಳಿಯುತ್ತದೆ. ಅದಕ್ಕೆ ಸಾಫ್ಟ್‌ವೇರ್ ತೀರ್ಮಾನ ಮಾಡಲಿ. ಸರಿಯಾದ ಬಾಗಿಲಲ್ಲಿ ಹೋದ ಚೀಲವನ್ನು ರೀಡರ್ ಗಟ್ಟಿಯಾಗಿ ಕೇಳಿರುತ್ತದೆ. ಪಕ್ಕದ ರೀಡರ್ ಕೇಳಿದ್ದು ಒಂದೆರಡು ಸಲ, ಸಣ್ಣ ದನಿಯಲ್ಲಿ. ಪ್ರತಿ ಓದಿನ ಜೊತೆ ಆರ್‌ಎಸ್‌ಎಸ್‌ಐ ಎಂಬ ಬಲದ ಅಂಕಿ ಬರುತ್ತದೆ. ಐದು ಸೆಕೆಂಡಿನ ಒಳಗೆ ಎರಡೂ ಬಾಗಿಲಲ್ಲಿ ಕಂಡ ಚೀಲವನ್ನು ಬಲ ಹೆಚ್ಚಿದ್ದ ಬಾಗಿಲಿಗೆ ಬರೆಯುವ ಹಾಗೆ ನಿಯಮ ಹಾಕಿಸಿ. ಆದರೆ ಇದನ್ನು ಕೊನೆಗೆ ಮಾಡಿ. ಗದ್ದಲ ಇಳಿಸದೆ ಇದನ್ನೊಂದನ್ನೇ ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ, ಹೋಗುವುದಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಗೋದಾಮಿನಲ್ಲಿ ನಾನು ಎರಡು ದಿನ ಒಂದು ಕಾಣದ ಪೆಟ್ಟಿಗೆಯನ್ನು ಹುಡುಕಿದ್ದೆ. ಯಾರೂ ಏನೂ ಒಯ್ಯದೆ ಇದ್ದಾಗಲೂ ಬಾಗಿಲಲ್ಲಿ ಏಳು ಪೆಟ್ಟಿಗೆ ದಾಟಿದ ಲೆಕ್ಕ ಬರುತ್ತಿತ್ತು. ಆಂಟೆನಾ ಬದಲಿಸಿದೆವು, ಕೇಬಲ್ ಬದಲಿಸಿದೆವು. ಕೊನೆಗೆ ಕಾವಲುಗಾರರ ಮೇಜಿನ ಖಾನೆಯಲ್ಲಿ ಹರಿದು ಎಸೆದ ಹಳೆಯ ಲೇಬಲ್‌ಗಳು ಸಿಕ್ಕವು. ಸರಿಯಾಗಿ ಏಳು. ನಿಮ್ಮ ಬಾಗಿಲ ಸುತ್ತ 10 ಅಡಿಯಲ್ಲಿ ಹರಿದ ಟ್ಯಾಗ್, ಖಾಲಿ ಚೀಲ, ಟ್ಯಾಗ್ ರೋಲ್ ಇದ್ದರೆ ಇವತ್ತೇ ಎತ್ತಿಸಿ.

ನಿಮ್ಮ ಪತ್ರದ ಒಂದು ಸಾಲು ಮನಸ್ಸಿನಲ್ಲಿ ಉಳಿಯಿತು: ಮೂರು ನಾಲ್ಕು ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಡಗಿಯಲ್ಲಿ ಡಬ್ಬಿ ತಳಿ ಬೇರೆ, ಕಡ್ಡಿ ತಳಿ ಬೇರೆ, ರೈತರ ಲಾಟ್ ಬೇರೆ ಬೇರೆ. ಪರದೆಯ ಮೇಲೆ ಒಂದು ಚೀಲ ಅತ್ತಿತ್ತ ಆದರೆ ಅದು ಯಾರೋ ಒಬ್ಬರ ವರ್ಷದ ಬೆಳೆಯ ಲೆಕ್ಕ. ಹಾಗಾಗಿ ದೊಡ್ಡ ಆವಕ ಶುರುವಾಗುವ ಡಿಸೆಂಬರ್‌ಗೆ ಮುಂಚೆ ಈ ಕೆಲಸ ಮುಗಿಸಿ. ಅಲ್ಲಿಯವರೆಗೆ ಕೈ ಎಣಿಕೆ ನಿಲ್ಲಿಸಬೇಡಿ.

ಒಂದು ನೋಟ್‌ಬುಕ್ ಇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹತ್ತು ಟ್ರಾಲಿ ದಾಟಿಸಿ, ಮೂರು ಅಂಕಿ ಬರೆಯಿರಿ: ಎಷ್ಟು ಚೀಲ ಹೋದವು, ಎಷ್ಟು ಕಂಡವು, ಎಷ್ಟು ಪಕ್ಕದ ಬಾಗಿಲಲ್ಲಿ ಕಂಡವು. ಲಾರಿ ನಿಂತಿತ್ತೋ ಇಲ್ಲವೋ ಅದನ್ನೂ ಬರೆಯಿರಿ. ಪವರ್ ಇಳಿಸಿದ ದಿನದ್ದು, ಸೆಷನ್ ಬದಲಿಸಿದ ದಿನದ್ದು, ಜಾಲರಿ ಹಾಕಿದ ದಿನದ್ದು, ಈ ಮೂರು ಪುಟಗಳನ್ನು ನನಗೆ ಕಳಿಸಿ. ಆಂಟೆನಾಗಳನ್ನು ಯಾವ ಎತ್ತರಕ್ಕೆ, ಎಷ್ಟು ಓರೆ ಹಾಕಬೇಕು ಅನ್ನುವುದನ್ನು ಆಗ ಆ ಅಂಕಿಗಳನ್ನು ನೋಡಿಯೇ ಹೇಳುತ್ತೇನೆ.